ಶಿಕ್ಷಣದಲ್ಲಿ ಗಣಕಯಂತ್ರದ ಸ್ಥಾನ, ಶಿಕ್ಷಕರ ಸ್ಥಾನ



ಶತಮಾನೋತ್ಸವದ ನಿಮಿತ್ತ ಏರ್ಪಟ್ಟಿರುವ ಈ ವಿಚಾರಗೋಷ್ಠಿಯಲ್ಲಿ ಶಿಕ್ಷಣವನ್ನು ಕುರಿತು ನಾಲ್ಕು ಮಾತುಗಳನ್ನಾಡಲು ನಮಗೆ ಅವಕಾಶ ದೊರೆತಿದೆ. ನೂರು ವರ್ಷ ತುಂಬಿದ ನೆನಪಿಗಾಗಿ ಊರಿನ ಮಕ್ಕಳಿಗೆ ಬಹುಕಾಲ ಬಾಳುವ ಏನನ್ನಾದರೂ ಮಾಡಬೇಕೆಂಬುದು ನಮ್ಮೆಲ್ಲರ ಹಂಬಲ. ಗಣಕಯಂತ್ರಗಳ ಒಂದು ಕೋಣೆಯನ್ನು ಕಟ್ಟಿಸಬೇಕೆಂದು ತರುಣರು ಕೇಳಿದ್ದಾರೆ. ಹಿರಿಯರಲ್ಲಿ ಕೆಲವರು ಹುಬ್ಬು ಗಂಟಿಕ್ಕಿ, “ಯಂತ್ರವೇ ಪಾಠ ಹೇಳುವುದಾದರೆ ಮಾಸ್ತರರು ಯಾತಕ್ಕೆ?” ಎಂದೂ ಕೇಳಿದ್ದಾರೆ. ಇಬ್ಬರ ಮಾತಿನಲ್ಲಿಯೂ ಇರುವುದು ಮಕ್ಕಳ ಮೇಲಿನ ಅಕ್ಕರೆಯೇ. ಆದರೆ ಕೂಡುವ ಹಣವು ಗೋವಿನಜೋಳ, ಹತ್ತಿ, ಭತ್ತಗಳನ್ನು ಬೆಳೆದು ಮಾರಿದವರ ಬೆವರಿನ ಹಣ. ಅದನ್ನು ಎಲ್ಲಿ ವೆಚ್ಚ ಮಾಡಬೇಕೆಂಬುದನ್ನು ಬರಿಯ ಉತ್ಸಾಹದಿಂದಾಗಲಿ ಬರಿಯ ಅಂಜಿಕೆಯಿಂದಾಗಲಿ ನಿರ್ಧರಿಸಬಾರದು. ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರಿಗೆ ಏನಾಯಿತೆಂಬುದನ್ನು ತಿಳಿದುಕೊಂಡು ನಿರ್ಧರಿಸುವುದೇ ಲೇಸು.

ಮೊದಲಿಗೆ ಗಣಕಯಂತ್ರಕ್ಕೆ ಸಲ್ಲಬೇಕಾದ ಮಾನ್ಯತೆಯನ್ನು ಸಲ್ಲಿಸೋಣ. ಅದಕ್ಕೆ ದಣಿವಿಲ್ಲ. ಮಗುವೊಂದು ಒಂದೇ ಲೆಕ್ಕವನ್ನು ಹತ್ತು ಸಲ ತಪ್ಪಿದರೂ ಅದು ಸಿಡುಕುವುದಿಲ್ಲ. ಹೃದಯದ ಕವಾಟಗಳು ತೆರೆದು ಮುಚ್ಚುವ ಬಗೆಯನ್ನು, ಭೂಮಿಯ ನೆರಳು ಚಂದ್ರನನ್ನು ಕವಿಯುವ ಬಗೆಯನ್ನು ಕರಿಹಲಗೆಯ ಮೇಲೆ ಎಷ್ಟೇ ಚೆನ್ನಾಗಿ ಬರೆದರೂ ಅದು ನಿಂತ ಚಿತ್ರವೇ. ಗಣಕಯಂತ್ರವು ಅದನ್ನು ಚಲಿಸುವಂತೆ ತೋರಿಸುತ್ತದೆ. ಕಣ್ಣು ಕಾಣದ ಮಗುವಿಗೆ ಅದು ಪುಸ್ತಕವನ್ನು ಓದಿ ಹೇಳಬಲ್ಲುದು. ಕೆ. ಪಿ. ರಾವ್ ಅವರಂಥ ಮಹನೀಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದಾಗಿ ಕನ್ನಡದ ಮಗು ಕನ್ನಡದಲ್ಲಿಯೇ ಅದರಲ್ಲಿ ಬರೆಯಬಹುದಾಗಿದೆ. ನಮ್ಮ ಧಾರವಾಡದಲ್ಲಿಯೇ ೨೦೧೫ರಲ್ಲಿ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯೂ ೨೦೧೬ರಲ್ಲಿ ಭಾರತೀಯ ತಂತ್ರಜ್ಞಾನ ಸಂಸ್ಥೆಯೂ ಆರಂಭವಾಗಿವೆ. ಹುಬ್ಬಳ್ಳಿಯ ಮಗುವಿಗೆ ಎಟಕುವ ವಿದ್ಯೆ ದುಮ್ಮವಾಡದ ಮಗುವಿಗೂ ಎಟಕಬೇಕೆಂದು ನಮ್ಮ ತರುಣರು ಬಯಸುವುದು ನ್ಯಾಯವೇ ಆಗಿದೆ. ಆದುದರಿಂದ ಯಂತ್ರ ಬೇಕೋ ಬೇಡವೋ ಎಂಬುದು ನಮ್ಮ ಪ್ರಶ್ನೆಯಲ್ಲ. ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಎಂಬುದೇ ಪ್ರಶ್ನೆ.

ಶಾಲೆಗೆ ಯಂತ್ರ ಬಂದುದು ಇದೇ ಮೊದಲಲ್ಲ. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ಒಂದು ವರ್ಷ ಕಾಲ ಭಾರತವು ಅಮೇರಿಕೆಯ ಉಪಗ್ರಹವೊಂದನ್ನು ಬಳಸಿಕೊಂಡು ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ನಮ್ಮ ರಾಜ್ಯದಲ್ಲಿ ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಆಯ್ಕೆಯಾದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಹಿರಿಯರಿಗೆ ಕಾರ್ಯಕ್ರಮಗಳು ಬಂದವು. ಅದನ್ನು ನಡೆಸಿದವರು ಒಂದು ವಿವೇಕದ ಕೆಲಸವನ್ನೂ ಮಾಡಿದರು. ಮಕ್ಕಳಿಗೆ ಚಿತ್ರ ತೋರಿಸಿದರೆ ಸಾಲದೆಂದು ತಿಳಿದು, ಸಾವಿರಾರು ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನವನ್ನು ಬೋಧಿಸುವ ತರಬೇತಿಯನ್ನು ಅದೇ ದೂರದರ್ಶನದ ಮೂಲಕ ಕೊಟ್ಟರು. ವರ್ಷ ತುಂಬಿತು, ಉಪಗ್ರಹದ ಅವಧಿ ಮುಗಿಯಿತು, ಹಳ್ಳಿಗಳಿಗೆ ಬರುತ್ತಿದ್ದ ಆ ಪಾಠಗಳೂ ನಿಂತವು. ಆದರೆ ಶಿಕ್ಷಕನು ಕಲಿತದ್ದನ್ನು ಯಾರೂ ಬಿಚ್ಚಿಕೊಂಡು ಹೋಗಲಾರರು. ಅದು ಅವನು ನಿವೃತ್ತನಾಗುವವರೆಗೂ ತರಗತಿಯಿಂದ ತರಗತಿಗೆ ಸಾಗುತ್ತಲೇ ಇರುತ್ತದೆ.

ಇನ್ನು ಗಣಕಯಂತ್ರದ ಮಾತು. ೧೯೮೪ರಲ್ಲಿಯೇ ಭಾರತ ಸರಕಾರವು ಬ್ರಿಟನ್ನಿನ ಬಿಬಿಸಿ ಹೆಸರಿನ ಪುಟ್ಟ ಗಣಕಯಂತ್ರಗಳನ್ನು ಆಯ್ದ ಶಾಲೆಗಳಿಗೆ ಕೊಟ್ಟು ಪ್ರಯೋಗವನ್ನು ಆರಂಭಿಸಿತ್ತು. ಕರ್ನಾಟಕದಲ್ಲಿ ದೊಡ್ಡ ಪ್ರಮಾಣದ ಯತ್ನ ನಡೆದುದು ೨೦೦೧ರಲ್ಲಿ. ‘ಮಾಹಿತಿ ಸಿಂಧು’ ಎಂಬ ಯೋಜನೆಯಡಿ ೧೦೦೦ ಸರಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಹಳ್ಳಿಯ ಮಕ್ಕಳು ಮೊದಲ ಬಾರಿಗೆ ಆ ಯಂತ್ರವನ್ನು ಮುಟ್ಟಿ ನೋಡಿದರು. ಇದು ಸಣ್ಣ ಉಪಕಾರವಲ್ಲ. ಆದರೆ ಯಂತ್ರಗಳನ್ನು ನಡೆಸುವ ಗುತ್ತಿಗೆಯನ್ನು ಖಾಸಗಿ ಕಂಪನಿಗಳಿಗೆ ಕೊಡಲಾಗಿತ್ತು. ಕಲಿಸುವವನು ಕಂಪನಿಯ ಬೋಧಕ. ಗಣಿತದ ಮಾಸ್ತರರು, ವಿಜ್ಞಾನದ ಮಾಸ್ತರರು ಆ ಕೋಣೆಯ ಹೊರಗೆಯೇ ಉಳಿದರು. ಗಣಕಯಂತ್ರವು ಗಣಿತಕ್ಕೆ ನೆರವಾಗುವ ಬದಲು ತಾನೇ ಇನ್ನೊಂದು ವಿಷಯವಾಗಿ ನಿಂತಿತು. ಗುತ್ತಿಗೆಯ ಅವಧಿ ಮುಗಿದಾಗ ಬೋಧಕನೂ ಹೋದನು. ಹೀಗೆ ಬೋಧಕನಿಲ್ಲದೆ ಉಳಿದ ಒಂದು ಕೋಣೆಯನ್ನು ನಾವೇ ಕಂಡಿದ್ದೇವೆ. ಯಂತ್ರಗಳ ಮೇಲೆ ಬಟ್ಟೆಯ ಹೊದಿಕೆ, ಬಾಗಿಲಿಗೆ ಬೀಗ, ಕಿಟಕಿಯಿಂದ ಇಣುಕುವ ಮಕ್ಕಳು. ಯಂತ್ರ ಕೆಟ್ಟೀತೆಂಬ ಭಯದಿಂದ ಯಂತ್ರವನ್ನು ಮುಟ್ಟುವವರೇ ಇರಲಿಲ್ಲ.

ಅದೇ ಸುಮಾರಿಗೆ ನೆರೆಯ ಕೇರಳದವರು ಬೇರೊಂದು ದಾರಿಯನ್ನು ಹಿಡಿದರು. ಅಲ್ಲಿ ಹೊರಗಿನ ಬೋಧಕರನ್ನು ಕರೆಸದೆ, ಶಾಲೆಯ ಶಿಕ್ಷಕರಿಗೇ ತರಬೇತಿ ಕೊಟ್ಟು, ಯಂತ್ರವನ್ನು ಅವರ ಕೈಗೇ ಒಪ್ಪಿಸಿದರು. ಬೆಲೆ ತೆರದೆ ಬಳಸಬಹುದಾದ, ಬೇಕಾದಂತೆ ತಿದ್ದಿಕೊಳ್ಳಬಹುದಾದ ತಂತ್ರಾಂಶವನ್ನು ಆರಿಸಿಕೊಂಡರು. ಗಣಕಯಂತ್ರವು ಶಾಲೆಯ ದಿನನಿತ್ಯದ ಪಾಠದಲ್ಲಿ ಬೆರೆಯಿತು. ನಮ್ಮಲ್ಲಿಯೂ ಮುಂದೆ ಈ ತಿಳಿವಳಿಕೆ ಮೂಡಿತು. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆಯೊಂದರ ಜೊತೆಗೂಡಿ ವಿಷಯ ಶಿಕ್ಷಕರ ವೇದಿಕೆಯನ್ನು ರಚಿಸಿತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಗಣಕಯಂತ್ರವನ್ನು ಕಲಿತು, ಕನ್ನಡದಲ್ಲಿ ಪಾಠದ ಸಾಮಗ್ರಿಗಳನ್ನು ತಾವೇ ಸಿದ್ಧಪಡಿಸಿ ಒಬ್ಬರೊಡನೊಬ್ಬರು ಹಂಚಿಕೊಂಡರು. ಒಂದೇ ರಾಜ್ಯ, ಒಂದೇ ಬಗೆಯ ಯಂತ್ರ. ಹಿಡಿದ ಕೈ ಬೇರೆಯಾದುದರಿಂದ ಫಲವೂ ಬೇರೆಯಾಯಿತು.

ಇನ್ನೊಂದು ನಿದರ್ಶನವನ್ನೂ ಹೇಳಬೇಕು. ಗಣಕಯಂತ್ರದ ಉದ್ಯಮದಿಂದಲೇ ಸಂಪತ್ತನ್ನು ಗಳಿಸಿದ ಅಜೀಂ ಪ್ರೇಮ್‌ಜಿಯವರ ಪ್ರತಿಷ್ಠಾನವು ಈ ಶತಮಾನದ ಆರಂಭದಲ್ಲಿ ಗಣಕಯಂತ್ರ ಆಧಾರಿತ ಕಲಿಕೆಯ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಸಾವಿರಾರು ಶಾಲೆಗಳಿಗೆ ಒಯ್ದಿತು. ಅನೇಕ ಭಾಷೆಗಳಲ್ಲಿ ಪಾಠದ ತಟ್ಟೆಗಳನ್ನು ಸಿದ್ಧಪಡಿಸಿ ಹಂಚಿತು. ಕೆಲವು ವರ್ಷಗಳ ಅನುಭವದ ತರುವಾಯ ಅವರು ಆ ಕೆಲಸದಿಂದ ಹಿಂದೆ ಸರಿದು, ಶಿಕ್ಷಕರನ್ನು ಬೆಳೆಸುವ ಕಾರ್ಯಕ್ಕೆ ತಮ್ಮ ಶಕ್ತಿಯನ್ನು ತಿರುಗಿಸಿದರು. ಯಂತ್ರದ ಮೇಲೆ ದ್ವೇಷವಿದ್ದವರು ಮಾಡಿದ ತೀರ್ಮಾನ ಇದಲ್ಲ. ಯಂತ್ರವನ್ನು ಎಲ್ಲರಿಗಿಂತ ಹೆಚ್ಚಾಗಿ ಬಲ್ಲವರು, ಹಣಕ್ಕೆ ಕೊರತೆಯಿಲ್ಲದವರು ಮಾಡಿದ ತೀರ್ಮಾನ ಇದು. ಹಣ ಕೂಡಿಸಲು ಹೊರಟ ನಾವು ಇದನ್ನು ಮರೆಯಬಾರದು.

ಹಾಗಾದರೆ ಯಂತ್ರದಿಂದ ಮಕ್ಕಳು ಕಲಿಯುವುದೇ ಇಲ್ಲವೇ? ಕಲಿಯುತ್ತಾರೆ. ಗುಜರಾತದ ವಡೋದರಾ ನಗರದಲ್ಲಿ ಸರಕಾರವು ಹೆಚ್ಚಿನ ಪುರಸಭಾ ಶಾಲೆಗಳಿಗೆ ತಲಾ ನಾಲ್ಕು ಗಣಕಯಂತ್ರಗಳನ್ನು ಕೊಟ್ಟಿತ್ತು. ೨೦೦೨ರಲ್ಲಿ ವಿಚಾರಿಸಿದಾಗ ಅವು ಮಕ್ಕಳ ಕೈಗೆ ಬಂದುದೇ ಅಪರೂಪವೆಂದು ತಿಳಿದುಬಂತು. ಬಳಿಕ ನಾಲ್ಕನೆಯ ತರಗತಿಯ ಮಕ್ಕಳನ್ನು ಇಬ್ಬಿಬ್ಬರಂತೆ ವಾರಕ್ಕೆ ಎರಡು ತಾಸು ಯಂತ್ರದ ಮುಂದೆ ಕೂಡಿಸಿ, ಅವರವರ ಮಟ್ಟಕ್ಕೆ ತಕ್ಕ ಗಣಿತದ ಆಟಗಳನ್ನು ಆಡಿಸಿದರು. ಮಕ್ಕಳ ಗಣಿತ ಸ್ಪಷ್ಟವಾಗಿ ಸುಧಾರಿಸಿತು. ಆದರೆ ಆ ಕೋಣೆಯಲ್ಲಿ ಮಕ್ಕಳನ್ನು ಹುರಿದುಂಬಿಸಲು ತರಬೇತಿ ಪಡೆದ ಮನುಷ್ಯರಿದ್ದರೆಂಬುದನ್ನು ಗಮನಿಸಬೇಕು. ಅದೇ ಊರಿನಲ್ಲಿ ಇನ್ನೊಂದು ಪ್ರಯೋಗವೂ ನಡೆಯಿತು. ಶಾಲೆ ಕಲಿತ ಸ್ಥಳೀಯ ಹೆಣ್ಣುಮಗಳೊಬ್ಬಳನ್ನು ‘ಬಾಲಸಖಿ’ಯೆಂದು ನೇಮಿಸಿ, ಓದಿನಲ್ಲಿ ಹಿಂದೆ ಬಿದ್ದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ತಾಸು ಅವಳಿಗೆ ಒಪ್ಪಿಸಿದರು. ಆ ಮಕ್ಕಳೂ ಮುಂದೆ ಬಂದರು. ಯಂತ್ರದ ವೆಚ್ಚವು ಬಾಲಸಖಿಯ ವೆಚ್ಚದ ಹಲವು ಪಟ್ಟು ಆಗಿತ್ತು. ಎರಡೂ ಕಾರ್ಯಕ್ರಮಗಳು ನಿಂತ ಒಂದು ವರ್ಷದ ಮೇಲೆ ನೋಡಿದರೆ ಬಂದ ಲಾಭದಲ್ಲಿ ಬಹುಭಾಗ ಕರಗಿಹೋಗಿತ್ತು. ಮುಂದೆ ೨೦೧೯ರಲ್ಲಿ ನೊಬೆಲ್ ಬಹುಮಾನ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಇದನ್ನು ೨೦೦೭ರಲ್ಲಿ ಪ್ರಕಟಿಸಿದರು. ಹಾಗೆಯೇ ದಕ್ಷಿಣ ಅಮೇರಿಕೆಯ ಪೆರು ದೇಶದಲ್ಲಿ ಹಳ್ಳಿಯ ಮಕ್ಕಳಿಗೆ ಮಡಿಲ ಮೇಲಿಟ್ಟುಕೊಳ್ಳುವ ಗಣಕಯಂತ್ರಗಳನ್ನು ಹಂಚಿದ ಬಳಿಕ ೩೧೯ ಶಾಲೆಗಳಲ್ಲಿ ಪರೀಕ್ಷಿಸಿದಾಗ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆ ಕಂಡುಬರಲಿಲ್ಲವೆಂದು ೨೦೧೨ರ ವರದಿ ತಿಳಿಸಿತು. ಯಂತ್ರವನ್ನು ಕೊಟ್ಟು ಸುಮ್ಮನಾದರೆ ಫಲವಿಲ್ಲ. ಮಗುವಿನ ಮಟ್ಟವನ್ನರಿತು, ಬಳಿಯಲ್ಲಿ ಕುಳಿತು, ಬಿಡದೆ ನಡೆಸಿದರೆ ಫಲವುಂಟು. ಇವೆರಡರಿಂದ ಹೊರಡುವ ತಾತ್ಪರ್ಯ ಇದೇ.

ನಮ್ಮೂರಿನ ಬಳಿಯ ನೀರಸಾಗರದಿಂದ ಹುಬ್ಬಳ್ಳಿಗೆ ನೀರು ಕೊಳವೆಯಲ್ಲಿ ಹರಿದುದನ್ನು ನೀವೆಲ್ಲ ಬಲ್ಲಿರಿ. ಕೊಳವೆ ಇಲ್ಲದಿದ್ದರೆ ನೀರು ಅಷ್ಟು ದೂರ ಹೋಗಲಾರದು. ಆದರೆ ಯಾವ ಮನೆಯಲ್ಲಿ ಯಾರಿಗೆ ಬಾಯಾರಿದೆಯೆಂದು ಕೊಳವೆಗೆ ತಿಳಿಯದು. ಅದು ತಾಯಿಗೆ ತಿಳಿಯುತ್ತದೆ. ಗಣಕಯಂತ್ರಕ್ಕೂ ಶಿಕ್ಷಕರಿಗೂ ಇರುವ ಅಂತರ ಇಂಥದು.

ಕೋವಿಡ್ ಪಿಡುಗಿನ ಕಾಲವು ಈ ಅಂತರವನ್ನು ನಮ್ಮ ಕಣ್ಣಿಗೆ ಕಾಣುವಂತೆ ಮಾಡಿತು. ೨೦೨೦ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಪಟ್ಟಣದ ಮಕ್ಕಳಿಗೆ ಮೊಬೈಲಿನಲ್ಲಿ ತರಗತಿಗಳು ನಡೆದವು. ದೂರದರ್ಶನದ ಚಂದನ ವಾಹಿನಿಯಲ್ಲಿಯೂ ಪಾಠಗಳು ಬಂದವು. ಆದರೆ ಒಂದೇ ಮೊಬೈಲು ಇರುವ ಮನೆಯಲ್ಲಿ ಅದು ತಂದೆಯ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಕೆಲವು ಮನೆಗಳಲ್ಲಿ ಅದೂ ಇರಲಿಲ್ಲ. ಆಗ, ೨೦೨೦ರ ಆಗಸ್ಟಿನಲ್ಲಿ, ಸರಕಾರವು ‘ವಿದ್ಯಾಗಮ’ವನ್ನು ಆರಂಭಿಸಿತು. ಸರಕಾರಿ ಶಾಲೆಗಳ ಶಿಕ್ಷಕರು, ಶಿಕ್ಷಕಿಯರು ಮಕ್ಕಳಿದ್ದ ಓಣಿಗಳಿಗೇ ನಡೆದು ಹೋದರು. ಮರದ ನೆರಳಿನಲ್ಲಿ, ಗುಡಿಯ ಕಟ್ಟೆಯ ಮೇಲೆ, ಸಮುದಾಯ ಭವನದಲ್ಲಿ ಮಕ್ಕಳನ್ನು ದೂರ ದೂರ ಕೂಡಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ೨೦೨೧ರ ಜನವರಿಯಲ್ಲಿ ಮತ್ತೆ ಆರಂಭವಾಯಿತು. ಯಂತ್ರ ತಲುಪದ ಮನೆಯನ್ನು ಮಾಸ್ತರರ ಪಾದ ತಲುಪಿತು. ಯಾವ ಮಗು ಅಕ್ಷರಗಳನ್ನೇ ಮರೆತಿದೆ, ಯಾವ ಮಗು ಕೂಲಿಗೆ ಹೊರಟಿದೆ, ಯಾವ ಹುಡುಗಿಗೆ ಮದುವೆಯ ಮಾತು ನಡೆದಿದೆ ಎಂಬುದು ಹಾಗೆ ಓಣಿಗೆ ಹೋದವರಿಗೆ ತಿಳಿಯುವ ಸಂಗತಿ. ಅದನ್ನು ಅಳೆಯುವ ಯಂತ್ರವಿಲ್ಲ.

ಈಗ ಹೊಸತೊಂದು ಬಂದಿದೆ. ೨೦೨೨ರ ನವೆಂಬರದಲ್ಲಿ ಚಾಟ್‌ಜಿಪಿಟಿ ಎಂಬುದು ಪ್ರಕಟವಾದ ಮೇಲೆ ‘ಕೃತಕ ಬುದ್ಧಿಮತ್ತೆ’ಯ ಹೆಸರು ಮನೆಮನೆಯ ಮಾತಾಗಿದೆ. ಪ್ರಶ್ನೆ ಕೇಳಿದರೆ ಅದು ಕನ್ನಡದಲ್ಲಿಯೂ ಉತ್ತರವನ್ನು ಬರೆದುಕೊಡುತ್ತದೆ. ಲೆಕ್ಕದಲ್ಲಿ ಎಲ್ಲಿ ತಪ್ಪಾಯಿತೆಂದೂ ಹೇಳಬಲ್ಲುದು. ಐವತ್ತೆರಡರಲ್ಲಿ ಮೂವತ್ತೆಂಟನ್ನು ಕಳೆದು ಇಪ್ಪತ್ತಾರು ಎಂದು ಬರೆದ ಮಗು, ಎಂಟರಲ್ಲಿ ಎರಡನ್ನು ಕಳೆದಿದೆ; ದಶಕವನ್ನು ಕಡ ತರುವುದು ಅದಕ್ಕೆ ಬಂದಿಲ್ಲ. ಇಷ್ಟನ್ನು ಇಂದಿನ ಯಂತ್ರ ಗುರುತಿಸೀತು. ಆದರೆ ಆ ಪಾಠ ನಡೆದ ವಾರವೆಲ್ಲ ಮಗು ಹತ್ತಿ ಬಿಡಿಸಲು ಹೋಗಿತ್ತೆಂಬುದು ಅದಕ್ಕೆ ಗೊತ್ತಿಲ್ಲ. ಗೊತ್ತಾದರೂ ಅದು ಎದ್ದು ಆ ಮನೆಯ ಬಾಗಿಲಿಗೆ ಹೋಗಿ, “ಯಾಕವ್ವಾ, ಹುಡುಗನನ್ನು ಶಾಲೆಗೆ ಕಳಿಸಲಿಲ್ಲ?” ಎಂದು ಕೇಳಲಾರದು.

ಈ ವಿಷಯವನ್ನು ನಮ್ಮ ಧರ್ಮಸಭೆಯೂ ಆಲೋಚಿಸಿದೆ. ೨೦೨೫ರ ಜನವರಿ ೨೮ರಂದು, ವಿದ್ಯಾರ್ಥಿಗಳ ಪಾಲಕರಾದ ಸಂತ ತೋಮಸ್ ಅಕ್ವಿನಾಸರ ಹಬ್ಬದ ದಿನ, ವ್ಯಾಟಿಕನ್ ‘ಆಂತಿಕ್ವಾ ಎತ್ ನೋವಾ’ ಎಂಬ ಪತ್ರವನ್ನು ಹೊರಡಿಸಿತು. ‘ಹಳೆಯದೂ ಹೊಸದೂ’ ಎಂಬುದು ಆ ಲತೀನ್ ಹೆಸರಿನ ಅರ್ಥ. ಅದು ಕೃತಕ ಬುದ್ಧಿಮತ್ತೆಯನ್ನು ತಳ್ಳಿಹಾಕುವುದಿಲ್ಲ. ನೆರವಿನ ಸಾಧನವೆಂದು ಒಪ್ಪುತ್ತದೆ. ಆದರೆ ಶಿಕ್ಷಕರು ಮಕ್ಕಳ ನಡುವೆ ಇರುವುದರಿಂದಲೇ ಉಂಟಾಗುವ ಬಾಂಧವ್ಯವನ್ನು ಯಂತ್ರವು ಸೃಷ್ಟಿಸಲಾರದೆಂದೂ, ಮಕ್ಕಳು ತಾವೇ ಹುಡುಕಬೇಕಾದ ಉತ್ತರವನ್ನು ಅದು ಸಿದ್ಧವಾಗಿ ಕೊಟ್ಟುಬಿಡುವ ಅಪಾಯವಿದೆಯೆಂದೂ ಎಚ್ಚರಿಸುತ್ತದೆ. ಈಜು ಕಲಿಯಬೇಕಾದವನು ನೀರಿಗೆ ಇಳಿಯಲೇಬೇಕು. ಬೇರೆಯವರು ಈಜಿದರೆ ಅವನಿಗೆ ಈಜು ಬಾರದು.

ಮೂರು ಶತಮಾನಗಳ ಹಿಂದೆ ಫ್ರಾನ್ಸ್ ದೇಶದಲ್ಲಿ ಬಾಳಿದ ಗುರು, ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾಸಾಲ್ ಅವರನ್ನು ಇಲ್ಲಿ ನೆನೆಯಬೇಕು. ಬಡಮಕ್ಕಳಿಗೆ ಶಾಲೆ ಬೇಕೆಂದು ಕಂಡಾಗ ಅವರು ಮೊದಲು ಮಾಡಿದ ಕೆಲಸವೆಂದರೆ ಶಿಕ್ಷಕರನ್ನು ತಮ್ಮ ಮನೆಗೇ ಕರೆತಂದು, ಊಟವಿಕ್ಕಿ, ತಿದ್ದಿ ಬೆಳೆಸಿದುದು. ಲತೀನಿನ ಬದಲು ತಾಯ್ನುಡಿಯಲ್ಲಿ ಓದಿಸಿದರು. ಶಿಕ್ಷಕರ ತರಬೇತಿಗೆಂದೇ ಶಾಲೆಗಳನ್ನು ತೆರೆದರು. ಹನ್ನೆರಡನೆಯ ಭಕ್ತಿನಾಥ ಪಿಯುಸ್ ಜಗದ್ಗುರುಗಳು ೧೯೫೦ರಲ್ಲಿ ಅವರನ್ನು ಶಿಕ್ಷಕರ ಪಾಲಕ ಸಂತರೆಂದು ಸಾರಿದರು. ನಮ್ಮ ಧಾರವಾಡದ ನೆಲದಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ, ಮರಾಠಿಯ ಪ್ರಾಬಲ್ಯದ ಕಾಲದಲ್ಲಿ, ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿಯುವಾಗ ಶಿಕ್ಷಕರ ತರಬೇತಿಗೂ ಅಷ್ಟೇ ಗಮನ ಕೊಟ್ಟರು. ಕಟ್ಟಡ ಆಮೇಲೆ, ಮಾಸ್ತರ ಮೊದಲು ಎಂಬುದು ದೂರದ ಆ ಸಂತರೂ ಹತ್ತಿರದ ಈ ಹಿರಿಯರೂ ಕಂಡುಕೊಂಡ ಸತ್ಯ.

ಇಷ್ಟೆಲ್ಲ ಹೇಳಿದ ಮೇಲೆ ಇಲ್ಲಿ ಕುಳಿತಿರುವ ಶಿಕ್ಷಕ ಬಂಧುಗಳಿಗೂ ಒಂದು ಮಾತನ್ನು ಹೇಳದಿದ್ದರೆ ನ್ಯಾಯವಾಗದು. ಮಾರ್ಗದರ್ಶಿ ಪುಸ್ತಕದಲ್ಲಿದ್ದ ಪ್ರಶ್ನೋತ್ತರಗಳನ್ನು ಬರೆಸಿ ಕಂಠಪಾಠ ಮಾಡಿಸುವುದೊಂದೇ ಬೋಧನೆಯಾದರೆ, ಆ ಕೆಲಸವನ್ನು ಯಂತ್ರವು ನಿಮಗಿಂತ ಚೆನ್ನಾಗಿ ಮಾಡುತ್ತದೆ. ಮಗುವನ್ನು ಹೆಸರು ಹಿಡಿದು ಕರೆಯುವ, ಅದರ ಮನೆಯನ್ನು ಬಲ್ಲ, ಹಿಂದಿನ ಬೆಂಚಿನವನ ಮೌನವನ್ನು ಅರ್ಥಮಾಡಿಕೊಳ್ಳುವ ಶಿಕ್ಷಕರ ಜಾಗಕ್ಕೆ ಮಾತ್ರ ಯಾವ ಯಂತ್ರವೂ ಬರಲಾರದು. ಯಂತ್ರಕ್ಕೆ ಹೆದರಬೇಡಿ, ಅದನ್ನು ಕಲಿಯಿರಿ. ಕಲಿಯುವುದನ್ನು ನಿಲ್ಲಿಸಿದವರು ಕಲಿಸುವುದನ್ನೂ ನಿಲ್ಲಿಸಿದಂತೆಯೇ.

ತಂದೆತಾಯಿಯರೂ ಕೇಳಬೇಕು. ಗಣಕಯಂತ್ರದ ಕೋಣೆ ಇನ್ನೂ ಆಗಿಲ್ಲ. ಆದರೆ ಅದರ ತಮ್ಮನಾದ ಮೊಬೈಲು ಆಗಲೇ ಮನೆಮನೆಗೆ ಬಂದಿದೆ. ೨೦೨೪ರ ‘ಅಸರ್’ ಸಮೀಕ್ಷೆಯ ಪ್ರಕಾರ ಭಾರತದ ಹಳ್ಳಿಗಳಲ್ಲಿ ೧೪ರಿಂದ ೧೬ ವರ್ಷದ ಮಕ್ಕಳಲ್ಲಿ ನೂರಕ್ಕೆ ೮೨ ಮಂದಿ ಸ್ಮಾರ್ಟ್‌ಫೋನ್ ಬಳಸಬಲ್ಲರು. ಅವರಲ್ಲಿ ಹಿಂದಿನ ವಾರ ಅದನ್ನು ಓದಿನ ಕೆಲಸಕ್ಕೆ ಬಳಸಿದವರು ನೂರಕ್ಕೆ ೫೭. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ನೂರಕ್ಕೆ ೭೬. ಮಗುವಿನ ಕೈಗೆ ಮೊಬೈಲನ್ನು ಕೊಟ್ಟು ನಿಶ್ಚಿಂತರಾದರೆ ಅದು ವಿದ್ಯೆಯಾಗದು. ರಾತ್ರಿ ಅರ್ಧ ತಾಸು ಮಗುವಿನ ಪಕ್ಕದಲ್ಲಿ ಕುಳಿತು, “ಇವತ್ತು ಏನು ಕಲಿತೆ, ಹೇಳು” ಎಂದು ಕೇಳಲು ಅಕ್ಷರ ಬಂದಿರಬೇಕೆಂದಿಲ್ಲ.

ಹಾಗಾದರೆ ನಮ್ಮ ಶತಮಾನೋತ್ಸವದ ನಿಧಿಯನ್ನು ಏನು ಮಾಡೋಣ? ನಮ್ಮ ಸೂಚನೆಯನ್ನು ನಿಮ್ಮ ಮುಂದಿಡುತ್ತೇವೆ, ತೀರ್ಮಾನ ನಿಮ್ಮದು. ಮೊದಲನೆಯದಾಗಿ, ಊರಿನಲ್ಲಿಯೇ ಓದಿ ಮನೆಯಲ್ಲಿರುವ ಇಬ್ಬರು ಹೆಣ್ಣುಮಕ್ಕಳನ್ನು ತಕ್ಕ ಸಂಬಳ ಕೊಟ್ಟು ನೇಮಿಸೋಣ. ಓದು, ಬರಹ, ಲೆಕ್ಕದಲ್ಲಿ ಹಿಂದೆ ಬಿದ್ದ ಮಕ್ಕಳನ್ನು, ಅವರು ಯಾವ ಜಾತಿ ಯಾವ ಮತದವರೇ ಇರಲಿ, ದಿನವೂ ಸಂಜೆ ಎರಡು ತಾಸು ಅವರು ಕಲಿಸಲಿ. ಎರಡನೆಯದಾಗಿ, ಹತ್ತು ಯಂತ್ರಗಳ ಬದಲು ಮೂರನ್ನೋ ನಾಲ್ಕನ್ನೋ ಕೊಳ್ಳೋಣ. ಉಳಿಯುವ ಹಣವು ಸಂಬಳಕ್ಕೂ ದುರಸ್ತಿಗೂ ಮೀಸಲಾಗಿರಲಿ. ಮೂರನೆಯದಾಗಿ, ಯಂತ್ರ ಬರುವುದಕ್ಕಿಂತ ಮೊದಲೇ ನಮ್ಮ ಶಿಕ್ಷಕರೂ ಆ ಹೆಣ್ಣುಮಕ್ಕಳೂ ಅದರ ತರಬೇತಿಯನ್ನು ಪಡೆಯಲಿ. ಕಲಿತವರಿಲ್ಲದೆ ಯಂತ್ರವನ್ನು ತರುವುದು ಬೇಡ. ನಾಲ್ಕನೆಯದಾಗಿ, ಕೋಣೆಯ ಬೀಗದ ಕೈ ಊರಿನಲ್ಲಿಯೇ ಇರುವ ಶಿಕ್ಷಕರ ಬಳಿ ಇರಲಿ. ಪಾಠ ಕನ್ನಡದಲ್ಲಿ ನಡೆಯಲಿ. ಕೊನೆಯದಾಗಿ, ಇದನ್ನು ಒಂದು ವರ್ಷ ನಡೆಸಿ ನಿಲ್ಲಿಸುವುದಾದರೆ ಆರಂಭಿಸುವುದೇ ಬೇಡ. ವಡೋದರೆಯ ಪಾಠವು ಅದೇ ಆಗಿದೆ. ಐದು ವರ್ಷಕ್ಕೆ ಸಾಲುವಷ್ಟು ಹಣ ಕೂಡಿದ ಮೇಲೆಯೇ ಬಾಗಿಲು ತೆರೆಯೋಣ.

ಕೋಣೆ ಚಿಕ್ಕದಾಯಿತೆಂದು ತರುಣರು ಬೇಸರಪಡಬಾರದು. ಉದ್ಘಾಟನೆಯ ದಿನ ಹತ್ತು ಯಂತ್ರಗಳು ಸಾಲಾಗಿ ಮಿನುಗುವುದು ನೋಡಲು ಚಂದವೇ. ಆದರೆ ಐದನೆಯ ವರ್ಷದಲ್ಲಿ, ಇಂದು ತನ್ನ ಹೆಸರನ್ನೂ ಬರೆಯಲಾರದ ಮಗುವೊಂದು ವೃತ್ತಪತ್ರಿಕೆಯನ್ನು ತಡವರಿಸದೆ ಓದಿ ತನ್ನ ಅಜ್ಜಿಗೆ ಕೇಳಿಸಿದರೆ, ಈ ಊರು ತನ್ನ ನೂರು ವರ್ಷವನ್ನು ಸಾರ್ಥಕವಾಗಿ ಆಚರಿಸಿತೆಂದು ನಾವು ತಿಳಿಯುತ್ತೇವೆ. ಆ ಕೆಲಸಕ್ಕೆ ಯಂತ್ರವೂ ಬೇಕು, ಹಣವೂ ಬೇಕು. ಎಲ್ಲಕ್ಕಿಂತ ಮೊದಲು ಆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳುವ ಒಬ್ಬರು ಬೇಕು.

ನಮ್ಮ ಮಕ್ಕಳನ್ನೂ ಅವರಿಗೆ ಕಲಿಸುವವರನ್ನೂ ದೇವರು ಆಶೀರ್ವದಿಸಲಿ.